ಹಗ್ಗ ಜಗ್ಗದವನು

ಮಾಡಗ್ಯಾಳದ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲೊಬ್ಬ ಹಣೆಗೆ ಭಂಡಾರದ ಅರಿಶಿಣ ಹಚ್ಚಿದ ಕಾಳಗದ ಟಗರು ಹಿಡಿದುಕೊಂಡು, ಮೊಬೈಲಿನಲ್ಲಿ ಯಾವುದೋ ದೂರದ ದೇಶದ ಯುದ್ಧದ ಸುದ್ದಿ ನೋಡುತ್ತಿದ್ದ. ಜೊತೆಗೆ ಅವನ ಅಕ್ಕ.

“ನೋಡಕ್ಕ, ಆ ದೇಶದ ಅಧ್ಯಕ್ಷಂದು ಇವತ್ತೂ ಅದ ಭಾಷಣ! ವಾರದಾಗ ಗೆದ್ದು ಬರ್ತೀವಿ ಅಂದಿದ್ದ, ನಾಕನೇ ವರ್ಷ ನಡದೈತಿ!”

“ಸಾಕು ಅಂತ ಹಿಂದ ಸರೀಬೇಕಿಲ್ಲೋ?”

“ಸರದ್ರ ಇವನ ಮರ್ಯಾದಿ ಹೋಗ್ತೈತಲ್ಲ! ಸಾಯಾವ್ರು ಮಂದಿ ಮಕ್ಕಳು. ಕುರ್ಚ್ಯಾಗ ಕುಂತಾವಗ ಏನು ನೋವು?”

“ಸುತ್ತಲಿನವ್ರಾದ್ರೂ ಬುದ್ಧಿ ಹೇಳಬಾರದ?”

“ಹೇಳಿದವ್ರನ್ನ ಹೊರಗ ಹಾಕ್ಯಾನ! ಹೊಡಿ ಹೊಡಿ ಅನ್ನಾವ್ರಷ್ಟ ಉಳದಾರ.”

ಅಕ್ಕ ಟಗರಿನ ಹಣೆ ಸವರಿದಳು. “ಹೋದ ವರ್ಷ ಕಣದಾಗ ಈ ಟಗರಿನ ಹಣಿ ಒಡದು ರಕ್ತ ಸುರಿಯಾಕತ್ತಿತ್ತು. ಸೋತ್ರ ಸೋಲ್ಲಿ, ಹಗ್ಗ ಜಗ್ಗಿ ಹಿಂದಕ್ಕ ತಗೋಳೋ ದುರಗಪ್ಪ ಅಂತ ಬಾಯಿ ಬಾಯಿ ಬಡಕೊಂಡೆ. ಜಗ್ಗಿದೇನು?”

“ಮಂದಿ ಎಲ್ಲಾ ಶೀಟಿ ಹೊಡಿಯಾಕತ್ತಿದ್ರಲ್ಲಕ್ಕ!”

“ಶೀಟಿ ಹೊಡದವ್ರು ಮನಿಗಿ ಹೋದ್ರು. ಮಳಿಗಾಲ ಪೂರ್ತಿ ಗಾಯಕ್ಕ ಅರಿಶಿಣ ಮೆತ್ತಿದಾಕಿ ನಾ.”

“ಅದು ಬ್ಯಾರೆ, ಇದು ಬ್ಯಾರೆ!”

ಕಾಳಗದ ಕಣಕ್ಕೆ ಹೋಗುವ ಟೆಂಪೊ ಬಂದು ನಿಂತಿತು. ದುರಗಪ್ಪ ಟಗರನ್ನು ಎತ್ತಿ ಒಳಗೆ ನಿಲ್ಲಿಸಿದ. ಹಗ್ಗದ ಇನ್ನೊಂದು ತುದಿ ಅಕ್ಕನ ಮುಷ್ಟಿಯಲ್ಲಿತ್ತು.

“ಬಿಡಕ್ಕ, ಹೊತ್ತಾತು! ಈ ಸಲ ಒಂದ ಗುದ್ದಿನ್ಯಾಗ ಮುಗಸ್ತೀವಿ!”

ಆಕೆ ಹಗ್ಗ ಬಿಡಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ತಾನೂ ಟೆಂಪೊ ಹತ್ತಿದಳು.

“ನಡಿ, ಹೋಗೂಣು. ಈ ಸಲ ಹಗ್ಗ ಹಿಡಿಯಾಕಿ ನಾ.”