ಚೌಕದಲ್ಲಿ ಅಂಟಿಸಿದ ಚೀಟಿ

ಯೇಕು... ಯೇಕು ಏನೋ ಒಂದು. ರಾತ್ರಿಯೆಲ್ಲ ಅಳುವ ಕೂಸಿಗೆ ನಮ್ಮ ಶಾಂಘೈಯಲ್ಲಿ ಒಂದು ಹೆಸರಿತ್ತು. ನಾಲಿಗೆಯ ತುದಿಯಲ್ಲಿದೆ, ಬರುತ್ತಿಲ್ಲ. ಇರಲಿ. ಇದು ನಡೆದದ್ದು ನಮ್ಮ ದೊಡ್ಡಪ್ಪನ ಸೊಸೆ ಫೆಂಗ್‌ದಿಗೆ.

ಅವಳ ಗಂಡ ಹಡಗಿನ ಮೇಲೆ. ಹೊತ್ತು ಮುಳುಗಿದರೆ ಸಾಕು, ಕೂಸು ಅಳಲು ಹಿಡಿಯುತ್ತಿತ್ತು. ಮನೆಯೊಡತಿ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು: "ಏನು ಗಂಟಲೇ ನಿನ್ನ ಮಗಂದು! ಪೇಪರ್ ಮಾರೋಕೆ ಬಿಟ್ಟಿದ್ರೆ ಇಷ್ಟೊತ್ತಿಗೆ ಮಹಡಿ ಮನೆ ಕಟ್ಟಿಸಿರೋನು. ಇವತ್ತೊಂದು ರಾತ್ರಿ ನೋಡ್ತೀನಿ. ಮತ್ತೆ ಅತ್ತರೆ, ಬೆಳಿಗ್ಗೆ ನಿನ್ನ ಚಾಪೆ ಬೀದೀಲಿರುತ್ತೆ."

ಇದಕ್ಕೆ ನಮ್ಮಲ್ಲಿ ಒಂದೇ ಮದ್ದು. ಮನೆಯಲ್ಲಿ ಅಳುವ ಕೂಸಿದೆ, ದಾರಿಹೋಕರು ಓದಿದರೆ ಬೆಳಗಿನವರೆಗೆ ಮಲಗುತ್ತದೆ ಎಂದು ಚೀಟಿ ಬರೆಸಿ, ನಾಲ್ಕು ದಾರಿ ಕೂಡುವಲ್ಲಿ ಅಂಟಿಸಬೇಕು. ಕಂಡವರು ಗಟ್ಟಿಯಾಗಿ ಓದಬೇಕು.

ಫೆಂಗ್‌ದಿಗೆ ಅಕ್ಷರ ಬಾರದು. ಕಾಗದ ಬರೆಯುವವನ ಕೈಲಿ ಕುಂಚದಲ್ಲಿ ಬರೆಸಿದಳು. ಊರೆಲ್ಲ ಓದುವ ಜಾಗ ಯಾವುದೆಂದು ಚಿಕ್ಕಂದಿನಿಂದ ಕೇಳಿದ್ದಳು... ವಾಂಗ್‌ಪಿಂಗ್ ಬೀದಿಯ ಚೌಕ. ಬಾಗಿಲಿಗೊಂದು ಪತ್ರಿಕೆಯ ಕಚೇರಿಯಂತೆ. ಆ ರಾತ್ರಿಯೇ ಅಳುವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿ, ಗಂಜಿ ಸವರಿ ಗೋಡೆಗೆ ಅಂಟಿಸಿದಳು. ಸುತ್ತ ಒಂದು ನರಪಿಳ್ಳೆಯೂ ಇಲ್ಲ.

ಟೊಕ್... ಟೊಕ್... ಬಿದಿರು ತಟ್ಟುತ್ತ, ಹೆಗಲ ಮೇಲೆ ಒಲೆ ಹೊತ್ತು, ಕಡುಬಿನ ಸಾರು ಮಾರುವ ಮುದುಕ ಬಂದ.

"ಇಲ್ಲಿ ಯಾರು ಓದ್ತಾರೆ ತಾಯಿ?" ಪಿಸುಗುಟ್ಟಿದ. "ಪೇಪರಿನೋರೆಲ್ಲ ಎಂದೋ ಎದ್ದು ಹೋದ್ರು. ಈಗ ಬರೀ ಬೋಗುಣಿ ಅಂಗಡಿ."

"ನೀವಾದ್ರೂ ಓದಿ ತಾತ."

"ನಂಗೆ ಓದು ಬಂದಿದ್ರೆ ಈ ಒಲೆ ಯಾಕೆ ಹೊರ್ತಿದ್ದೆ?"

ಆಗ... ಬೀಗ ಹಾಕಿದ ಬಾಗಿಲ ಹಿಂದಿನಿಂದ ಒಂದು ದನಿ. ಚೀಟಿಯನ್ನೇ ಓದುತ್ತಿತ್ತು. ಏರಿಳಿತವೇ ಇಲ್ಲ.

"ನಮ್ಮ ಮನೆಯಲ್ಲಿ ಅಳುವ ಕೂಸಿದೆ... ಅಲ್ಪವಿರಾಮ..."

ಮುದುಕನ ಕೈಯ ಬಿದಿರು ಕಲ್ಲಿನ ಮೇಲೆ ಬಿತ್ತು. "ಆ ಪೇಪರಿನ ಕರಡು ತಿದ್ದೋರು ಹೀಗೇ ಓದ್ತಿದ್ರು... ಚುಕ್ಕಿ ಸಮೇತ."

ಎದುರು ಮಹಡಿಯಿಂದ ಇನ್ನೊಂದು ದನಿ. ಮೂಲೆಯಿಂದ ಮತ್ತೊಂದು. ಚಿಟ್... ಚಿಟ್... ಮರದ ತಟ್ಟೆಗೆ ಅಚ್ಚಿನ ಮೊಳೆ ಬೀಳುವ ಸದ್ದು. ಆಮೇಲೆ ಕಾಲಡಿಯಲ್ಲಿ ಅಚ್ಚಿನ ಯಂತ್ರ ತಿರುಗಿದಂತೆ ಗಡಗಡಗಡ... ನೆಲವೇ ನಡುಗಿತು.

"ಓಡೇ ತಾಯಿ!" ಎಂದವನೇ ಮುದುಕ ಒಲೆ ಬಿಟ್ಟು ಓಡಿದ.

ಅವಳು ಓಡಲಿಲ್ಲ. ಬೆನ್ನ ಮೇಲಿನ ಅಳು ನಿಂತಿತ್ತು. ಕೈ ಹಿಂದೆ ಚಾಚಿ ಮೂಗಿಗೆ ಬೆರಳಿಟ್ಟಳು... ಬಿಸಿಯುಸಿರು. ನಿದ್ದೆ. ಎಲ್ಲ ದನಿಗಳೂ ಕೊನೆಯ ಪೂರ್ಣವಿರಾಮ ಹೇಳುವವರೆಗೆ ನಿಂತೇ ಇದ್ದಳು.

ಕೂಸು ಬೆಳಗಿನವರೆಗೆ ಮಿಸುಕಲಿಲ್ಲ. ಸಂತೆಗೆ ಹೋಗಿದ್ದ ಮನೆಯೊಡತಿ ಸೊಪ್ಪಿನ ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ನಾನೂ ಅಲ್ಲೇ ಇದ್ದೆ.

"ಎಷ್ಟು ಚೀಟಿ ಅಂಟಿಸಿದ್ದೀಯೇ, ಮಾರಾಯ್ತಿ? ಚೌಕದ ನಾಲ್ಕು ಮೂಲೇಲೂ ಗೋಡೆ ಕಾಣಲ್ಲ!"

"ಒಂದೇ, ಅಕ್ಕ..."

ಮನೆಯೊಡತಿ ತಾನು ಕಿತ್ತು ತಂದಿದ್ದ ಚೀಟಿಯನ್ನು ಮುಂದೆ ಹಿಡಿದಳು. ಕುಂಚದ ಬರಹವಲ್ಲ. ಅಚ್ಚು. ಅವಳ ಹೆಬ್ಬೆರಳು ಕಪ್ಪಾಗಿತ್ತು.

ಸುಳ್ಳಲ್ಲ. ನಾನೇ ಮುಟ್ಟಿದೆ. ಮಸಿ ಇನ್ನೂ ಹಸಿಯಿತ್ತು.

ಯೇಕುಲಾಂಗ್! ಹಾಂ, ಬಂತು... ಅಂಥ ಕೂಸಿಗೆ ಯೇಕುಲಾಂಗ್ ಅಂತಿದ್ರು. ಮರೆಯೋ ಮೊದಲು ಬರ್ಕೋ, ಪುಟ್ಟಿ. ಬರ್ಕೋ, ಆದ್ರೆ ಈ ರಾತ್ರೀಲಿ ಗಟ್ಟಿಯಾಗಿ ಓದ್ಬೇಡ, ಆ ದನಿಗಳು ಕೇಳಿಸ್ಕೊಂಡಾವು.