ಮೆಂಬರ್ ಯಾರು?

ಗದಗ ಬಸ್ ನಿಲ್ದಾಣದಲ್ಲಿ ಲಕ್ಷ್ಮೇಶ್ವರದ ಬಸ್ಸಿಗೆ ಕಾಯುತ್ತಿದ್ದ ಖೈರುನಬಿಯ ಪಕ್ಕ ಗಂಡ ಹೆಂಡತಿ ಬಂದು ಕುಂತರು. ಗಂಡನ ಕೊರಳಲ್ಲಿ ತರಬೇತಿಯ ಬಿಲ್ಲೆ ತೂಗುತ್ತಿತ್ತು. ಅದರ ಮೇಲೆ ‘ಸಾವಿತ್ರೆವ್ವ, ಪಂಚಾಯ್ತಿ ಸದಸ್ಯೆ’ ಅಂತ ಬರೆದದ್ದನ್ನು ಖೈರುನಬಿ ಓದಿಕೊಂಡಳು.

“ತರಬೇತಿ ಒಳಗ ಏನ್ ಹೇಳಿದ್ರು?” ಹೆಂಡತಿ ಕೇಳಿದಳು.

“ಜಗತ್ತಿನ ದೇಶ ಎಲ್ಲಾ ಕೂಡಿ ಗುರಿ ಇಟ್ಟಾವಂತ. ಬಡತನ ಹೋಗಬೇಕು, ನೀರು ಸ್ವಚ್ಛ ಇರಬೇಕು, ಹೆಂಗಸರು ಗಂಡಸರು ಸಮ ಇರಬೇಕು.”

“ಮತ್ತ ನನ್ನ ಯಾಕ ಹೊರಗ ಕುಂದ್ರಿಸಿದ್ರಿ?”

“ಮೆಂಬರಿಗೆ ಒಂದ ಕುರ್ಚಿ ಇತ್ತು.”

“ಮೆಂಬರ್ ಯಾರ್ರಿ?”

“ನೀನ. ಯಾರ್ ಇಲ್ಲಂದ್ರು?”

ಖೈರುನಬಿ ಸೆರಗು ಬಾಯಿಗೊತ್ತಿ ನಗು ತಡೆದಳು.

“ನಾಳಿ ಗ್ರಾಮಸಭಾದಾಗ ಮೆಂಬರೇ ಇದನ್ನ ಮಂದಿಗೆ ತಿಳಿಸಿ ಹೇಳಬೇಕಂತ. ಹೆದರಬ್ಯಾಡ, ನಾ ಬರದು ಕೊಡ್ತೀನಿ,” ಅಂದ ಗಂಡ.

“ಏನ್ ಬರೀತೀರಿ? ಅರ್ಧ ಹೊತ್ತು ನಿದ್ದಿ ಹೊಡದ್ರಿ.”

“ನಿನಗ ಹೆಂಗ ಗೊತ್ತು?”

“ಕಿಟಕಿಗೆ ನಿಂತು ಎಲ್ಲಾ ಕೇಳೇನಿ. ನಾಳಿ ನಾನ ಹೇಳ್ತೀನಿ. ನೀವು ಮಂದಿ ಕೂಡ ಕುಂತು ಕೇಳ್ರಿ.”

ಮುಂಡರಗಿ ಬಸ್ಸು ಬಂತು. ಸಾವಿತ್ರೆವ್ವ ಬಿರಬಿರನೆ ಹೋಗಿ ಹತ್ತಿದಳು. ಗಂಡ ಆಕೆಯ ಚೀಲ ಎತ್ತಿಕೊಂಡು ಹಿಂದೆ ಓಡಿದ. ಅವರ ಊರಿನ ಗ್ರಾಮಸಭೆಗೆ ತಾನೂ ಹೋಗುವಂತಿದ್ದರೆ ಚೆನ್ನಾಗಿತ್ತು ಅನ್ನಿಸಿತು ಖೈರುನಬಿಗೆ.