ಐವತ್ತೈದು ಮಾರು ಕೇಬಲ್ಲು

ಅಳೋದಿದ್ದರೆ ಅತ್ತುಬಿಡು ರೂಪಾ. ಹೀಗೆ ಕಲ್ಲಿನ ಹಾಗೆ ಕೂತರೆ ನಾನು ಎಂತ ಅಂತ ತಿಳ್ಕೊಳ್ಳಲಿ? ನೀರಾದರೂ ಕುಡಿ. ಬೇಡವ? ಆತು, ಬೇಡ ಅಂದರೆ ಬೇಡ.

ಕಾಗದ ಅಲ್ಲೇ ಇದೆ, ಪೆನ್ನೂ ಇದೆ. ನಾಲ್ಕು ಗಂಟೆಗೆ ವಿಚಾರಣೆಯ ಕಮಿಟಿ ಕೂರ್ತದೆ. ಅದಕ್ಕೆ ಮೊದಲು ನಿನ್ನ ಹತ್ತಿರ ಎರಡು ಸಾಲು ಬರೆಸಿಕೊಂಡು ಬಾ ಅಂತ ಪ್ರಿನ್ಸಿಪಾಲ್ ನಾಗಭೂಷಣ ಸರ್ ನನ್ನನ್ನೇ ಕಳಿಸಿದರು. 'ಲ್ಯಾಬಿನ ನಾಗಮ್ಮಕ್ಕ ಹೇಳಿದರೆ ಕೇಳ್ತಾಳೆ' ಅಂದರು. 'ಪ್ರಯೋಗ ಮಾಡದೆ ಅಂಕಿ ಕಟ್ಟಿ ಬರೆದೆ, ತಪ್ಪಾಯಿತು.' ಅಷ್ಟೇ ಮಾರಾಯ್ತಿ. ಬರೆದರೆ ಈ ಒಂದು ಪ್ರಯೋಗದ ಮಾರ್ಕು ಹೋಗ್ತದೆ. ಬರೆಯದಿದ್ದರೆ ಒಂದು ವರ್ಷ ಪರೀಕ್ಷೆಗೆ ಕೂರಿಸೋದಿಲ್ಲ. ಮುಟ್ಟಳ್ಳಿಯಿಂದ ದಿನಾ ಎರಡು ಬಸ್ಸು ಬದಲಿಸಿ ಬಂದದ್ದು ಇದಕ್ಕಾ?

ಎಂತ ಹಾಗೆ ನೋಡ್ತೀಯ? ಹೌದು, ನಾನೂ ನಕ್ಕೆ. ಹೊರಗಿನ ಪರೀಕ್ಷಕರು ನಿನ್ನ ರೆಕಾರ್ಡು ಎತ್ತಿ ಹಿಡಿದು, 'ಈ ಹುಡುಗಿಯ ಕೇಬಲ್ಲಿನಲ್ಲಿ ಸಿಗ್ನಲ್ಲು ಬೆಳಕನ್ನೂ ಹಿಂದೆ ಹಾಕಿ ಓಡ್ತದೆ' ಅಂದಾಗ ಇಡೀ ಲ್ಯಾಬು ನಕ್ಕಿತು. ನಾನೊಬ್ಬಳೇ ನಗದೆ ನಿಂತರೆ... ಹೇಗೆ ಕಾಣ್ತಿತ್ತು, ಹೇಳು.

ಬೆಳಕು ಸೆಕೆಂಡಿಗೆ ಮೂವತ್ತು ಕೋಟಿ ಮೀಟರ್ ಹೋಗ್ತದೆ. ಅದನ್ನು ದಾಟಿದ್ದು ಲೋಕದಲ್ಲಿ ಯಾವುದೂ ಇಲ್ಲ. ನೀನು ಬರೆದದ್ದು ಮೂವತ್ತೊಂದು ಕೋಟಿ. ಉಳಿದ ಮೂವತ್ತೆಂಟು ಮಂದಿ ಇಪ್ಪತ್ತೈದು ಅಂತ ಬರೆದರು, ಎಲ್ಲರೂ ಪಾಸು. ಅವರು ಆಸಿಲೋಸ್ಕೋಪಿನ ಪರದೆ ನೋಡಲಿಲ್ಲ, ಗೋಡೆಗೆ ನೇತುಹಾಕಿದ ನನ್ನ ಮಾದರಿ ರೆಕಾರ್ಡು ನೋಡಿದರು. ಅದು ನನಗೂ ಗೊತ್ತು. ನಿನಗೆ ಆ ಗೋಡೆ ಕಾಣಲಿಲ್ಲವ?

ಆ ಕೇಬಲ್ಲಿನ ಸುರುಳಿ ಯಾಕೆ ನೋಡ್ತಾ ಇದ್ದೀ? ಅದರ ತಪ್ಪು ಎಂತದ್ದೂ ಇಲ್ಲ. ಅದು ಬಂದ ಕಥೆ ನಿನಗೆ ಗೊತ್ತಿಲ್ಲ. ಕಂಪನಿಯ ಕಿಟ್ಟಿಗೆ ಲಕ್ಷಗಟ್ಟಲೆ ಬೇಕು, ಕಾಲೇಜಿನಲ್ಲಿ ದುಡ್ಡಿಲ್ಲ ಅಂದರು. ಆಗ ನಾನು ಇದೇ ಲ್ಯಾಬಿನ ಕಸ ಗುಡಿಸ್ತಿದ್ದೆ. ಹುಡುಗರು ಬಿಸಾಡಿದ ರೆಕಾರ್ಡು ಓದಿ ಓದಿಯೇ ಹತ್ತನೇದು ಕಟ್ಟಿದೆ, ಐಟಿಐ ಮುಗಿಸಿದೆ, ಇನ್‌ಸ್ಟ್ರಕ್ಟರ್ ಆದೆ. ಕಾಯ್ಕಿಣಿಯಲ್ಲಿ ಎಲ್ಲರ ಮನೆಗೆ ಡಿಶ್ ಬಂತಲ್ಲ, ಕೇಬಲ್ ಟಿವಿಯ ಪ್ರವೀಣ ಅಂಗಡಿ ಮುಚ್ಚುವವನಿದ್ದ. ಅವನ ಹಳೇ ಕೇಬಲ್ಲು ಹೊತ್ತುಕೊಂಡು ಬಸ್ಸಿನಲ್ಲಿ ತಂದೆ. ಕಂಡಕ್ಟರ್ ಬೈದ.

ತೆಂಗಿನ ಮರಕ್ಕೆ ಹಗ್ಗ ಕಟ್ಟಿ ಈ ತುದಿಯನ್ನು ಒಮ್ಮೆ ಕೊಡವಿದರೆ ಅಲೆ ಹೋಗಿ ಮರಕ್ಕೆ ಬಡಿದು ವಾಪಸು ಬರ್ತದಲ್ಲ, ಕೇಬಲ್ಲಿನಲ್ಲೂ ಹಾಗೇ ಅಂತ ಮೊದಲು ತೋರಿಸಿದವಳು ನಾನು. ತುದಿ ಬಿಚ್ಚಿಟ್ಟರೆ ಪರದೆಯಲ್ಲಿ ಉಬ್ಬು ಮೇಲೆ ಎದ್ದು ವಾಪಸು, ಎರಡೂ ತಂತಿ ಸೇರಿಸಿದರೆ ತಲೆಕೆಳಗು, ಸರಿಯಾದ ರೆಸಿಸ್ಟರ್ ಕಟ್ಟಿದರೆ ವಾಪಸೇ ಇಲ್ಲ. ಕೇಬಲ್ಲಿನ ಉದ್ದದ ಎರಡರಷ್ಟನ್ನು ಹೋಗಿ ಬಂದ ಹೊತ್ತಿನಿಂದ ಭಾಗಿಸಿದರೆ ವೇಗ ಸಿಗ್ತದೆ. ಬೋರ್ಡಿನ ಮೇಲೆ ವರ್ಷಗಟ್ಟಲೆ ಸೂತ್ರ ಬರೆದ ಮೇಷ್ಟ್ರುಗಳೇ ಬಂದು ನೋಡಿದರು. ಅಗೋ, ಅದಕ್ಕೇ ಕಾಲೇಜು ಕೊಟ್ಟ ಸರ್ಟಿಫಿಕೇಟು, ಕನ್ನಡಿ ಹಾಕಿಸಿದ್ದು.

ಬೆರಳು ಎಂತ ತೋರಿಸ್ತೀ, ಟೇಪು? ಟೇಪು ಯಾಕೆ ಬೇಕು? ನಮ್ಮಪ್ಪ ಊರಲ್ಲಿ, ಬಾಡದಲ್ಲಿ, ಬಲೆಯ ಹಗ್ಗ ಅಳೆದದ್ದೆಲ್ಲ ಮಾರಿನಲ್ಲಿ. ಎರಡು ಕೈ ಹೀಗೆ ಚಾಚು, ಈ ಬೆರಳಿನಿಂದ ಆ ಬೆರಳಿಗೆ ಒಂದು ಮಾರು. ಮಾರಿಗೆ ಆರಡಿ. ಐವತ್ತೈದು ಮಾರು ಅಂದರೆ ನೂರು ಮೀಟರ್. ನಾನೇ ಅಳೆದದ್ದು, ನಾನೇ ಸುರುಳಿಯ ಮೇಲೆ ಪೇಂಟಿನಲ್ಲಿ ಬರೆದದ್ದು...

ಎಂತಕ್ಕೆ ನನ್ನ ಕೈ ನೋಡ್ತೀಯ?

ರೂಪಾ. ಆ ಕಡೆ ನೋಡು.

...ಅಪ್ಪ ಆರಡಿ ಆಳು. ನಾನು ಕುಳ್ಳಿ. ನನ್ನ ಮಾರು ಐದಡಿಯೂ ಇಲ್ಲ. ಸಾಕಾ? ಅದು ಎಂಬತ್ತೊಂದೇ ಮೀಟರ್. ಎಂಬತ್ತೊಂದು ಅಂತ ಹಾಕಿದರೆ ನಿನ್ನ ಲೆಕ್ಕವೂ ಇಪ್ಪತ್ತೈದು ಕೋಟಿಗೇ ಬಂದು ನಿಲ್ತದೆ. ನೀನು ಮಾಡಿ ನೋಡಿದ್ದೀ ಅಲ್ವ, ಮನೆಯಲ್ಲಿ? ಮಾಡಿಯೇ ಬಂದಿದ್ದೀ. ನಾನು ಇಷ್ಟು ಹೊತ್ತು ಬಾಯಿ ಬಡ್ಕೊಂಡದ್ದನ್ನೆಲ್ಲ ನೀನು ಕೇಳ್ತಾ ಕೂತೆ.

ಇವತ್ತು ಗೊತ್ತಾದದ್ದಲ್ಲ. ಮೊದಲ ವರ್ಷವೇ ನನಗೂ ಮೂವತ್ತೊಂದು ಬಂತು. ಭಾನುವಾರ ಒಬ್ಬಳೇ ಬಂದು, ದರ್ಜಿಯ ಟೇಪು ತಂದು, ನೆಲದ ಮೇಲೆ ಹಾಸಿ ಅಳೆದೆ. ಅಷ್ಟರಲ್ಲಿ ಸರ್ಟಿಫಿಕೇಟು ಬಂದಾಗಿತ್ತು. ಪುಸ್ತಕದಲ್ಲಿ ಇಪ್ಪತ್ತೈದು ಅಂತ ಇತ್ತು, ಮಾದರಿಯಲ್ಲಿ ಅದನ್ನೇ ಬರೆದೆ. ಯಾರು ಪರದೆ ನೋಡ್ತಾರೆ ಅಂದುಕೊಂಡೆ. ಮೂರು ವರ್ಷ ಯಾರೂ ನೋಡಲಿಲ್ಲ.

ಈಗ ಹೇಳಿದರೆ ಎಂತ ಅಂತಾರೆ ಗೊತ್ತಾ? 'ಕಸಬರಿಗೆ ಹಿಡಿದವಳ ಕೈಗೆ ಲ್ಯಾಬು ಕೊಟ್ಟರೆ ಇನ್ನೇನು.' ಸುರುಳಿ ಗುಜರಿಗೆ. ನಾನು ವಾಪಸು ಬಕೆಟ್ಟಿಗೆ. ನಿನಗೆ ಒಂದು ಪ್ರಯೋಗದ ಮಾರ್ಕು, ನನಗೆ... ನೀನೇ ಹೇಳು, ನಾನು ಎಂತ ಮಾಡಲಿ? ಒಂದು ಮಾತಾದರೂ ಆಡು. ಬೈಯಿ.

ಬರಿತಾ ಇದ್ದೀಯಾ?

ಬರಿ... ಬೇಡ, ಬರಿಬೇಡ. ಅಯ್ಯೋ, ನನಗೆ ಎರಡೂ ಹೇಳೋಕೆ ಬಾಯಿ ಬರ್ತಿಲ್ಲ.

ಆತಾ? ಇತ್ತ ಕೊಡು. 'ಪರದೆಯಲ್ಲಿ ಕಂಡದ್ದನ್ನೇ ಬರೆದಿದ್ದೇನೆ. ರೂಪಾ.' ಇಷ್ಟೇ? ಕೇಬಲ್ಲಿನ ಮಾತಿಲ್ಲ. ನನ್ನ ಹೆಸರೂ ಇಲ್ಲ. ಹೀಗೆ ಕೊಟ್ಟರೆ ನಿನ್ನ ಒಂದು ವರ್ಷ ಹೋಗ್ತದೆ, ಗೊತ್ತುಂಟಾ?

ಕೆಳಗೆ ಎಂತಕ್ಕೆ ಇಷ್ಟು ಜಾಗ ಬಿಟ್ಟಿದ್ದೀ?

ಎಲ್ಲಿಗೆ ಎದ್ದೆ? ರೂಪಾ, ಪೆನ್ನು ತಕ್ಕೊಂಡು ಹೋಗು. ಪೆನ್ನು ನನ್ನ ಮುಂದೆ ಇಡಬೇಡ.